ಮರಳು ತುಂಬಿದ ಕೂಸು

ಪೋರ್ಟ್ ಆಫ್ ಸ್ಪೇನಿನ ಬೆಲ್ಮಾಂಟ್ ಗಲ್ಲಿಗಳಲ್ಲಿ ಯೂಲಾ ಕ್ವಾಮಿನಾಳ ಹೆಸರು ಕೇಳದವರಿಲ್ಲ, ಅವಳ ಮುಖವನ್ನು ನೆಟ್ಟಗೆ ನೋಡಿದವರು ಮಾತ್ರ ಕಡಿಮೆ. ಆರೋಗ್ಯ ಕೇಂದ್ರದ ನೆಲ ಒರೆಸುವ ಹೆಂಗಸಿನ ಮುಖ ಯಾರಿಗೆ ಬೇಕು? ಒರೆಸಿದ ನೆಲದ ಮೇಲೆಯೇ ಚಪ್ಪಲಿ ಕಾಲಿಟ್ಟು, "ಅಯ್ಯೋ, ತಪ್ಪಾಯ್ತು ಟಾಂಟಿ" ಅಂದು ದಾಟಿಹೋಗುತ್ತಾರೆ. ಅಷ್ಟು ಅಂದವರೇ ಪುಣ್ಯವಂತರು. ಊರಿಗೆಲ್ಲ ಅವಳು ಟಾಂಟಿ, ಯಾರಿಗೂ ಸ್ವಂತ ಚಿಕ್ಕಮ್ಮನಲ್ಲ.

ಅದೇ ಯೂಲಾ ಕಾರ್ನಿವಲ್ ಸೋಮವಾರ ಮಧ್ಯಾಹ್ನ ಬೇಬಿ ಡಾಲ್ ವೇಷ ಕಟ್ಟಿಕೊಂಡು ಬೀದಿಗಿಳಿದರೆ ಟ್ರಕ್ಕಿನ ಮೇಲೆ ಸ್ಟೀಲ್ ಪ್ಯಾನ್ ಬಾರಿಸುವವರೂ ಕೋಲು ನಿಲ್ಲಿಸಿ ಇಣುಕುತ್ತಿದ್ದರು. ನೆರಿಗೆ ನೆರಿಗೆಯ ಗುಲಾಬಿ ಸ್ಯಾಟಿನ್ ಫ್ರಾಕು, ಗದ್ದದ ಕೆಳಗೆ ಗಂಟು ಬಿಗಿದ ಲೇಸಿನ ಕುಲಾವಿ, ಬಿಳಿ ಕಾಲುಚೀಲ, ಸೊಂಟದ ಮೇಲೆ ಬೊಂಬೆಕೂಸು. ಐವತ್ತು ದಾಟಿದ ಹೆಂಗಸು ತಾನೇ ಎಳೆಮಗುವಿನ ಹಾಗೆ ರಾಗ ಎಳೆಯುತ್ತ, ಎದುರಿಗೆ ಸಿಕ್ಕ ಗಂಡಸಿನ ಅಂಗಿ ಹಿಡಿದು ನಿಲ್ಲಿಸುವಳು.

"ಎಲ್ಲಿಗೆ ಓಡ್ತೀಯೋ? ಇಲ್ನೋಡು, ನಿನ್ ಮಗು! ಮೂಗು ನೋಡು, ಥೇಟ್ ನಿಂದೇ. ಹಾಲಿಗೆ ಕಾಸು ಕೊಟ್ಟು ಮುಂದಕ್ಕೆ ಹೋಗು!"

ಸಿಕ್ಕಿಬಿದ್ದವನು ಬ್ಯಾಂಕಿನವನಿರಲಿ, ಪೊಲೀಸಿರಲಿ, ಪೆಚ್ಚಾಗಿ ಹಲ್ಲು ಬಿಡುವನು. ಜನ ಹೋ ಎಂದು ನಗುವರು. ಅವನು ಕಿಸೆಗೆ ಕೈಹಾಕಿ ಬಿಡಿಸಿಕೊಳ್ಳುವನು.

ಈ ವೇಷ ಹುಟ್ಟಿದ್ದು ಯಾಕೆ? ಹುಟ್ಟಿಸಿ ಬಿಟ್ಟುಹೋದ ಅಪ್ಪಂದಿರನ್ನು ವರ್ಷಕ್ಕೊಮ್ಮೆಯಾದರೂ ನಡುಬೀದಿಯಲ್ಲಿ ಹಿಡಿದು ಕೇಳಲಿಕ್ಕೆ. ಉಳಿದ ದಿನ ಕೇಳಿದರೆ ಗಯ್ಯಾಳಿ ಅನ್ನುತ್ತಾರಲ್ಲ, ಅದಕ್ಕೆ. ಆದರೆ ಅದನ್ನು ನೆನಪಿಟ್ಟುಕೊಂಡವರು ಯಾರು? ಸಂಪ್ರದಾಯ ಉಳಿಸಿದಳೆಂದು ಬೀದಿಯ ಹಬ್ಬದ ಸಮಿತಿ ಯೂಲಾಳಿಗೊಂದು ಫಲಕ ಕೊಟ್ಟಿತು. ಆ ಸಂಪ್ರದಾಯ ಬಾಯಿಬಿಟ್ಟು ಏನು ಕೇಳುತ್ತಿದೆ ಎಂದು ಸಮಿತಿಯ ಒಬ್ಬ ಗಂಡಸೂ ಯೋಚಿಸಲಿಲ್ಲ. ಫಲಕದ ಜೊತೆ ಶಾಲು ಹೊದಿಸಿದರೆ ಪ್ರಶ್ನೆಗೂ ಹೊದಿಸಿದಂತಾಯಿತು.

ಯೂಲಾ ಫ್ರಾಕು ಹೊಲಿಯುತ್ತಿದ್ದುದು ಕ್ರಿಸ್‌ಮಸ್ ಕಳೆದ ಮೇಲೆ. ಒಳಗಿನ ಹೆಣ್ಣನ್ನು ಹೊಲಿಯುತ್ತಿದ್ದುದು ವರ್ಷವೆಲ್ಲ. ಆರೋಗ್ಯ ಕೇಂದ್ರದಲ್ಲಿ ಗುರುವಾರ ಕೂಸುಗಳ ತೂಕ ನೋಡುವ ದಿನ. ತಾಯಂದಿರು ಗೋಡೆ ಬದಿಯ ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಾರೆ. ಅವರ ಕಾಲಬುಡದಲ್ಲಿ ಒರೆಸುಕೋಲು ಆಡಿಸುತ್ತ ಯೂಲಾ ಕಣ್ಣು ಕಿವಿ ಬಿಟ್ಟುಕೊಂಡಿರುವಳು. "ಇವಳಪ್ಪ ಸಮುದ್ರದಲ್ಲಿದಾನೆ, ಎಣ್ಣೆ ಬಾವಿ ಕೆಲಸ, ಬರೋದು ತಡ" ಎಂದು ಸುಳ್ಳು ಹೇಳುವಾಗ ಹೆಂಗಸು ಕೂಸನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಳ್ಳುತ್ತಾಳೆ. ನಿಜ ಹೇಳುವಾಗ ಬದಲಾಯಿಸುವುದಿಲ್ಲ. ಯೂಲಾ ಅದನ್ನು ಹಾಗೆಯೇ ಎತ್ತಿಕೊಂಡು ಹೋಗಿ ಬೀದಿಯಲ್ಲಿ ಆಡಿದಳು. ನೋಡಿದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು, ಕಣ್ಣೊರೆಸಿಕೊಂಡರು.

ಬೊಂಬೆಯದೂ ಹಾಗೆಯೇ. ಅಂಗಡಿ ಬೊಂಬೆಗೆ ತೂಕವಿಲ್ಲ. ತೂಕವಿಲ್ಲದ ಕೂಸನ್ನು ಎತ್ತಿಕೊಂಡರೆ ಬೆನ್ನೇ ಸುಳ್ಳು ಹೇಳುತ್ತದೆ. ಅವಳು ಬೊಂಬೆಯ ಹೊಟ್ಟೆ ಬಿಚ್ಚಿ ಮರಕಾಸ್ ತೀರದ ಮರಳು ತುಂಬಿ ಹೊಲಿದಿದ್ದಳು. ಸಂಜೆಯ ಹೊತ್ತಿಗೆ ರಟ್ಟೆ ನಿಜವಾಗಿಯೂ ಸೋಲಬೇಕು. ಯಾರಾದರೂ ತಮಾಷೆಗೆ ಎತ್ತಿಕೊಂಡರೆ, "ಏನ್ ಟಾಂಟಿ, ಕೂಸಿಗೆ ಮೂರು ಹೊತ್ತೂ ಪೆಲಾವ್ ತಿನ್ನಿಸ್ತೀಯಾ?" ಎಂದು ಏದುಸಿರು ಬಿಡುತ್ತಿದ್ದರು.

ಈ ವೇಷ ಯೂಲಾಳಿಗೆ ಬಂದದ್ದು ಅವಳ ಅವ್ವನಿಂದ, ವೇಷದ ಜೊತೆ ಅವ್ವ ಒಂದು ಕಟ್ಟಳೆಯನ್ನೂ ಕೊಟ್ಟಿದ್ದಳು. ನಗಬಲ್ಲವನನ್ನು ಹಿಡಿ. ಬೊಂಬೆ ಕಂಡೊಡನೆ ಮುಖ ಕಪ್ಪಿಟ್ಟರೆ ಅವನನ್ನು ಬಿಟ್ಟುಬಿಡು. ಅವನಿಗೆ ಎಲ್ಲೋ ನಿಜವಾದ ಕೂಸಿದೆ. ನಿಜದ ಲೆಕ್ಕ ವೇಷದವರು ಕೇಳಬಾರದು, ಕೇಳಿದರೆ ಮಾರನೇ ವರ್ಷ ಯಾರೂ ನಿಲ್ಲುವುದಿಲ್ಲ.

ಕಟ್ಟಳೆ ಗಟ್ಟಿಯಾದದ್ದೇ. ಆದರೆ ಅದರಲ್ಲೊಂದು ತೂತಿತ್ತು. ಮುಖ ಕಪ್ಪಿಟ್ಟವನು ತಪ್ಪಿತಸ್ಥನಾದರೆ ನಗುವವನು ಶುದ್ಧ ಎಂದಾಯಿತಲ್ಲ. ಅವ್ವ ಹಾಗೆ ನಂಬಿದ್ದಳು. ಯೂಲಾ ನಂಬಿದಳು. ಬೀದಿಗೆ ಬೀದಿಯೇ ನಂಬಿತು.

ಎಲ್ಲರಿಗಿಂತ ಚೆನ್ನಾಗಿ ನಗುತ್ತಿದ್ದವನು ಕ್ಲೈಡ್ ಪ್ರೆಸ್ಕಾಡ್. ಮೂಲೆಯಲ್ಲಿ ಬಣ್ಣ, ಮೊಳೆ, ನಲ್ಲಿ ಪೈಪು ಮಾರುವ ದೊಡ್ಡ ಅಂಗಡಿ ಅವನದು. ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಅಂಗಡಿ ಬಾಗಿಲಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು ಅವನ ತಾಯಿ, ಎಲ್ಲರ ಬಾಯಲ್ಲೂ ಮಾ ಪ್ರೆಸ್ಕಾಡ್, ಬೀದಿ ನೋಡುತ್ತ ಕೂರುತ್ತಿದ್ದಳು. ಕಾರ್ನಿವಲ್ ಸೋಮವಾರ ಯೂಲಾ ಅಲ್ಲಿಗೆ ಬರುವ ಹೊತ್ತಿಗೆ ಜನ ಮೊದಲೇ ಜಾಗ ಹಿಡಿದಿರುವರು. ಕ್ಲೈಡ್ ಹಡಗಿನವರ ಟೋಪಿ ಹಾಕಿಕೊಂಡು ಕೈಯಲ್ಲಿ ರಮ್ಮಿನ ಲೋಟ ಹಿಡಿದು ಮೆಟ್ಟಿಲ ಮೇಲೆ ಸಿದ್ಧ.

"ಅಯ್ಯಯ್ಯೋ, ಬಂದಳಪ್ಪಾ ನನ್ ಹೆಂಡ್ತಿ! ಅಮ್ಮಾ, ಬಾಗ್ಲು ಹಾಕು!"

"ಬಾಗ್ಲು ಹಾಕ್ದ್ರೆ ಕಿಟಕೀಲಿ ಬರ್ತೀನಿ! ನಿನ್ ಮಗು ಹಸ್ಕೊಂಡೈತೆ ಕಣೋ!"

"ನಂದಲ್ಲ! ಕಿವಿ ನೋಡು, ನನ್ ಕಿವಿ ಹಿಂಗಿದ್ಯಾ?"

"ಕಿವಿ ನಿಂದಲ್ಲ, ಕೇಳಿಸ್ಕೊಳ್ದೇ ಇರೋದು ನಿಂದೇ!"

ಆಮೇಲೆ ಅವನು ಬೊಂಬೆಯ ಒಂದು ಕಾಲು ಹಿಡಿದು ತೂಗಾಡಿಸುವನು, ಅವಳು ಅವನ ಟೋಪಿ ಕಿತ್ತುಕೊಳ್ಳುವಳು. ಕಡೆಗೆ ಎಲ್ಲರಿಗೂ ಕಾಣುವ ಹಾಗೆ ನೂರರ ಒಂದು ನೀಲಿ ನೋಟನ್ನು ಅವಳ ಕುಲಾವಿಗೆ ಸಿಕ್ಕಿಸುವನು. ಶಿಳ್ಳೆಯೋ ಶಿಳ್ಳೆ. ಮಾ ಪ್ರೆಸ್ಕಾಡ್ ಹೊಟ್ಟೆ ಹಿಡಿದುಕೊಂಡು ನಗುವಳು. ಕ್ಲೈಡನಷ್ಟು ಒಳ್ಳೆಯ ಜೊತೆಗಾರ ಯೂಲಾಳಿಗೆ ಇನ್ನೊಬ್ಬ ಸಿಕ್ಕಿರಲಿಲ್ಲ. "ನಿನ್ನ ಗಂಡ ಹೇಗಿದಾನೆ ಟಾಂಟಿ?" ಎಂದು ವರ್ಷವೆಲ್ಲ ಜನ ಕೇಳಿದರೆ ಅದು ಮ್ಯಾಕ್ಸಿ ವ್ಯಾನು ಓಡಿಸುವ ಅವಳ ಸ್ವಂತ ಗಂಡ ಆಸ್ವಿನ್‌ನ ಮಾತಲ್ಲ, ಕ್ಲೈಡನ ಮಾತು ಎಂದು ಅವಳಿಗೂ ರೂಢಿಯಾಗಿತ್ತು.

ಹೀಗಿರುವಾಗ ಒಂದು ಗುರುವಾರ, ಕಾರ್ನಿವಲ್ ಇನ್ನೇನು ಬಂತು ಅನ್ನುವಾಗ, ತೂಕದ ಬೆಂಚಿನ ತುದಿಯಲ್ಲಿ ಶರ್ನೆಲ್ ಬಂದು ಕೂತಳು. ಕ್ಲೈಡನ ಅಂಗಡಿಯಲ್ಲಿ ಬಣ್ಣದ ಡಬ್ಬ ಎತ್ತಿಕೊಡುವ ಕೆಲಸಕ್ಕಿದ್ದ ಹುಡುಗಿ. ನಡುವೆ ಕೆಲಸ ಬಿಟ್ಟಿದ್ದಳು, ಯಾಕೆಂದು ಈಗ ಅವಳ ಮಡಿಲೇ ಹೇಳುತ್ತಿತ್ತು.

ಯೂಲಾ ಒರೆಸುಕೋಲಿಗೆ ಗದ್ದ ಊರಿ, ಎಲ್ಲರನ್ನೂ ಕೇಳುವ ಹಾಗೆಯೇ, ದೂದೂ ಎಂದು ಮುದ್ದಿನಿಂದ ಕರೆದು ಕೇಳಿದಳು: "ಚಿನ್ನದಂಥ ಮಗು ದೂದೂ. ಏನ್ ಹೆಸ್ರು? ಅಪ್ಪ ಯಾರು?"

"ಕಿಯಾ. ಅಪ್ಪ ನಿನ್ ಗಂಡ ಟಾಂಟಿ."

ಬೆಂಚಿಗೆ ಬೆಂಚೇ ಘೊಳ್ಳೆಂದಿತು. ತೂಕದ ನರ್ಸಮ್ಮ ಕೂಡ ತಟ್ಟೆ ಹಿಡಿದುಕೊಂಡು ನಕ್ಕಳು. ಯೂಲಾ ಕುಲಾವಿ ಇಲ್ಲದಿದ್ದರೂ ರಾಗ ಎಳೆದು, "ಅಯ್ಯೋ ಮನೆಹಾಳ, ನನ್ ಬಿಟ್ಟು ನಿನ್ನ ಹತ್ರಾನೂ ಬಂದ್ನಾ!" ಎಂದಳು. ಮತ್ತಷ್ಟು ನಗು.

ಶರ್ನೆಲ್ ನಗಲಿಲ್ಲ. ಕೂಸನ್ನು ಸೊಂಟ ಬದಲಾಯಿಸಲೂ ಇಲ್ಲ.

ಯೂಲಾ ಅದನ್ನು ನೋಡಿದಳು. ತೂಕ ಮುಗಿದ ಮೇಲೆ ಹುಡುಗಿಯನ್ನು ಹಿಂದಿನ ನೀರಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದಳು.

"ನಿಜಾನಾ ಮಗಳೇ?"

"ನೋಡಿದ್ಯಾ, ನೀನೂ ಕೇಳ್ತೀಯ. ಯಾರಿಗೆ ಹೇಳಿದ್ರೂ ಮೊದಲು ನಗ್ತಾರೆ, ಆಮೇಲೆ ನಿಜಾನಾ ಅಂತಾರೆ. ಗಲ್ಲೀಲಿ ಹೇಳಿದೆ, ಬೇಬಿ ಡಾಲ್ ನೋಡಿ ನೋಡಿ ಇವಳಿಗೂ ತಲೆ ಕೆಟ್ಟಿದೆ ಅಂದ್ರು. ಅಂಗಡಿಗೇ ಹೋದೆ. ಗಿರಾಕಿಗಳು ತುಂಬಿದ್ರು. ಅವನು ಗಲ್ಲಾದ ಹಿಂದಿಂದ ಜೋರಾಗಿ, ನೋಡ್ರಪ್ಪಾ, ಈ ಸಲ ಕಾರ್ನಿವಲ್ ಬೇಗ ಬಂತು ಅಂದ. ಎಲ್ರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಹತ್ರ ಬಂದು ಮೆಲ್ಲಗೆ, ಅಂಗಡಿ ಮುಂದೆ ಬರಬೇಡ, ಹಿಂದಿನ ಗೇಟಿಗೆ ಬಾ ಅಂತ ಹೇಳಿರ್ಲಿಲ್ವಾ ಅಂದ."

"ಹೋದ್ಯಾ?"

"ಎಷ್ಟು ಸಲ ಹೋಗ್ಲಿ? ಅದನ್ನೂ ಜನಕ್ಕೆ ಹೇಳಿದೆ, ದಡ್ಡಿ ನಾನು. ಈಗ ರಮ್ ಅಂಗಡಿ ಹುಡುಗರು ನಾನು ದಾರೀಲಿ ಹೋದ್ರೆ, ಹಿಂದಿನ ಗೇಟಿಗೆ ಬಾ ಅಂತ ಕೂಗ್ತಾರೆ."

ಆ ಕೂಗು ಯೂಲಾಳ ಕಿವಿಗೂ ಬಿದ್ದಿತ್ತು. ಯಾವುದೋ ಹೊಸ ಹಾಡಿನ ಸಾಲಿರಬೇಕು ಅಂದುಕೊಂಡಿದ್ದಳು.

"ಏನ್ ಬೇಕು ನಿಂಗೆ? ದುಡ್ಡಾ?"

"ದುಡ್ಡು ನಾನು ದುಡೀತೀನಿ. ಈಸ್ಟರ್ ಕಳೆದ ಮೇಲೆ ಇವಳಿಗೆ ದೀಕ್ಷಾಸ್ನಾನ. ಪಾದ್ರಿ ಎಲ್ರ ಮುಂದೆ ಮಗು ಕಡೆಯವರು ನಿಲ್ಲಿ ಅಂತಾರೆ. ನನ್ನ ಕಡೆ ನಾನೊಬ್ಬಳೇ. ಅವನ ಕಡೆಯಿಂದ ಒಬ್ಬರು ನಿಲ್ಲಲಿ, ಇದು ನಮ್ಮ ಮಗು ಅನ್ನಲಿ. ಅಷ್ಟೇ. ಸೋಮವಾರ ನೀನು ಅವನ್ನ ಹಿಡಿದಾಗ ಕೇಳು ಟಾಂಟಿ, ನಿಜವಾಗ್ಲೂ ಕೇಳು."

"ಆಗಲ್ಲ ದೂದೂ. ಆಟ ಆಟವೇ. ನನ್ನ ಅವ್ವ ಹೇಳಿದ್ದಳು, ವೇಷದಲ್ಲಿ..."

"ನಿನ್ನ ಅವ್ವ ಏನಾದ್ರೂ ಹೇಳಿರಲಿ!" ಹುಡುಗಿಯ ದನಿಗೆ ಕೂಸು ಬೆಚ್ಚಿತು. "ನಮ್ಮ ಮಾತು ಇಲ್ಲೇ ಬೆಂಚಿನ ಕೆಳಗೆ ಗುಡಿಸ್ಕೊಂಡು ಹೋಗಿ ಬೀದೀಲಿ ಆಡ್ತೀಯ. ಚಪ್ಪಾಳೆ ನಿಂಗೆ, ಫಲಕ ನಿಂಗೆ. ಈಗ ನಾನು ನನ್ನ ಮಾತು ನಾನೇ ಆಡಿದ್ರೂ ನಿನ್ನ ಆಟದ ಮಾತು ಅಂತಾರೆ. ನನ್ನ ಬಾಯಲ್ಲಿ ಇನ್ನೇನು ಉಳಿದಿದೆ ಹೇಳು?"

ಅವಳು ಹೋದ ಮೇಲೂ ಯೂಲಾ ತೊಟ್ಟಿಯ ಹತ್ತಿರ ನಿಂತೇ ಇದ್ದಳು. ಬಕೆಟ್ ತುಂಬಿ ನೀರು ಕಾಲ ಮೇಲೆ ಹರಿಯುತ್ತಿತ್ತು.

ಆ ಶನಿವಾರ ಅಡುಗೆಮನೆಯಲ್ಲಿ ಆಸ್ವಿನ್‌ನನ್ನು ಸ್ಟೂಲಿನ ಮೇಲೆ ಕೂರಿಸಿ, ಕ್ಲೈಡ್ ಅವನೇ ಎಂದುಕೊಂಡು ಮಾತು ಹೊಂದಿಸಿ ನೋಡಿದಳು. "ನಿಜ ಹೇಳು, ಈ ಮಗು ನಿಂದಲ್ವಾ?" ಆಸ್ವಿನ್ ನಕ್ಕ. "ದೇವರಾಣೆ ಮಾಡು!" ಅವನು ತೊಡೆ ತಟ್ಟಿಕೊಂಡು ನಕ್ಕ. ಅವಳು ರಾಗ ಬಿಟ್ಟು, ಗಟ್ಟಿ ದನಿಯಲ್ಲಿ, ಕ್ಲೈಡ್ ಪ್ರೆಸ್ಕಾಡ್ ಎಂದು ಪೂರ್ತಿ ಹೆಸರು ಹಿಡಿದು ಕೇಳಿದಳು. ಆಸ್ವಿನ್ ಕುಡಿಯುತ್ತಿದ್ದ ಮಾಬಿ ಪಾನಕ ಮೂಗಿಗೇರಿಸಿಕೊಂಡು ಕೆಮ್ಮಿದ.

"ಇದ್ರಲ್ಲಿ ನಗೋದೇನಿದೆಯೋ ಮುಠ್ಠಾಳ!"

"ನಾನೇನ್ ಮಾಡ್ಲಿ ಮಾರಾಯ್ತಿ? ನೀನು ಬಾಯಿ ತೆಗೆದ್ರೆ ನಗು ಬರುತ್ತೆ. ನಮ್ಮಪ್ಪನ ಮಣ್ಣಿನ ದಿನ ನೀನು ಪ್ರಾರ್ಥನೆ ಓದ್ದಾಗ ಚರ್ಚಲ್ಲಿ ಅರ್ಧ ಜನ ಕರವಸ್ತ್ರ ಬಾಯಿಗೆ ತುರುಕಿಕೊಂಡಿದ್ರು, ಮರೆತೆಯಾ?"

ಕಲಾವಿದನಿಗೆ ಜನ ಕಿವಿ ಕೊಟ್ಟರೆ ಸಾಕು, ಬೇಕಾದ್ದು ಹೇಳಬಹುದು ಅನ್ನುತ್ತೇವೆ. ಸುಳ್ಳು. ಜನ ಒಂದು ಬಗೆಯ ಕಿವಿ ಕೊಡುತ್ತಾರೆ, ಬೇರೆ ಕಿವಿ ಬೇಕೆಂದರೆ ಕೊಡುವುದಿಲ್ಲ. ಅವಳ ಬಾಯಿಂದ ಏನು ಬಿದ್ದರೂ ಬೆಲ್ಮಾಂಟ್ ನಗಲು ಕಲಿತುಬಿಟ್ಟಿತ್ತು. ಕಲಿಸಿದವಳು ಅವಳೇ. ಆ ನಗುವಿನಲ್ಲಿ ಕ್ಲೈಡ್ ವರ್ಷಕ್ಕೊಮ್ಮೆ ಮಿಂದು ಶುಭ್ರವಾಗಿ ಬರುತ್ತಿದ್ದ. ಸೋಪು ಹಚ್ಚಿದವಳೂ ಅವಳೇ.

ಹಬ್ಬಕ್ಕೆ ಮುಂಚಿನ ಕೊನೆಯ ಗುರುವಾರ ಅವಳು ಬೆಂಚಿನವರ ಮಾತಿಗೆ ಕಿವಿಗೊಡಲಿಲ್ಲ. ಮಾತಾಡದವರನ್ನು ನೋಡಿದಳು. ಅಂಥವರು ಯಾವಾಗಲೂ ಇದ್ದರು. ಮಾತಿಲ್ಲದವರಿಂದ ಆಟಕ್ಕೇನು ಸಿಗುತ್ತದೆ ಎಂದು ಅವಳೇ ಅವರನ್ನು ದಾಟಿ ಒರೆಸಿಕೊಂಡು ಹೋಗುತ್ತಿದ್ದಳು, ಒರೆಸಿದ ನೆಲ ತುಳಿದುಕೊಂಡು ಹೋಗುವವರ ಹಾಗೆಯೇ. ಈಗ ನೋಡಿದಳು. ಕೂರುವ ಮುಂಚೆ ಬೆಂಚನ್ನು ಬಟ್ಟೆಯ ಚುಂಗಿನಿಂದ ಒರೆಸುವುದು. ಹೆಸರು ಕರೆಯುವ ಬಾಗಿಲ ಕಡೆ ಒಮ್ಮೆ ನೋಡಿ, ನೋಡಿದ್ದು ಯಾರಿಗಾದರೂ ಗೊತ್ತಾಯಿತೇನೋ ಎಂಬಂತೆ ಬೀದಿ ಕಡೆ ತಿರುಗುವುದು. ಕೂಸಿನ ಕುತ್ತಿಗೆಯ ಮಡಿಕೆಯಲ್ಲಿ ಬೆವರಿದ್ದರೆ ಒಂದೇ ಬೆರಳಿನಿಂದ ತೆಗೆಯುವುದು. ಮತ್ತೆ ಕಾಯುವುದು. ಅಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಕೂತಿರುವುದಷ್ಟೇ ಇತ್ತು.

ಸೋಮವಾರ ಬಂತು. ಬೆಳಗಿನ ಕೆಸರು ಕುಣಿತದವರು ಮೈ ತೊಳೆದುಕೊಂಡು ಮತ್ತೆ ಬೀದಿಗೆ ಬಂದಿದ್ದರು, ಕಿವಿಯ ಹಿಂದೆ ಮಾತ್ರ ಕೆಸರು ಉಳಿದಿತ್ತು. ಕ್ಲೈಡನ ಅಂಗಡಿ ಮುಂದೆ ಎಂದಿನಂತೆ ಜನ. ಶರ್ನೆಲ್ ಬರಲಿಲ್ಲ, ಬಾ ಎಂದು ಯೂಲಾ ಕರೆದೂ ಇರಲಿಲ್ಲ, ಏನು ಮಾಡುತ್ತೇನೆಂದು ಹೇಳಿಯೂ ಇರಲಿಲ್ಲ.

ಗುಲಾಬಿ ಫ್ರಾಕು ಮೂಲೆ ತಿರುಗಿದ್ದೇ ತಡ, ಕ್ಲೈಡ್ ಲೋಟ ಎತ್ತಿದ.

"ಅಯ್ಯಯ್ಯೋ, ಬಂದಳಪ್ಪಾ ನನ್ ಹೆಂಡ್ತಿ! ಅಮ್ಮಾ, ಬಾಗ್ಲು ಹಾಕು!"

ನಗು ಎದ್ದಿತು. ಯೂಲಾ ಉತ್ತರ ಕೊಡಲಿಲ್ಲ. ಅಂಗಡಿ ಮೆಟ್ಟಿಲ ಹತ್ತಿರ ಬಂದಳು, ಕೆಳಗಿನ ಮೆಟ್ಟಿಲನ್ನು ಫ್ರಾಕಿನ ಅಂಚಿನಿಂದ ಒರೆಸಿದಳು, ಕೂತಳು. ಬೊಂಬೆಯನ್ನು ಮಡಿಲಿಗೆ ಹಾಕಿಕೊಂಡಳು. ಕ್ಲೈಡನ ಕಡೆ ಒಮ್ಮೆ ನೋಡಿ ಬೀದಿಯ ಕಡೆ ತಿರುಗಿದಳು.

"ಕಾಲು ನೋವು ಬಂತೇನೋ ಮುದುಕಿಗೆ!" ಯಾರೋ ಕೂಗಿದರು.

ಕ್ಲೈಡ್ ತನ್ನ ಮಾತು ಮುಂದುವರಿಸಿದ. "ನಂದಲ್ಲ! ಕಿವಿ ನೋಡು, ನನ್ ಕಿವಿ ಹಿಂಗಿದ್ಯಾ?" ಅರ್ಧ ಜನ ನಕ್ಕರು. ಉಳಿದರ್ಧ, ಯಾರೂ ಕೇಳದೇ ಇವನ್ಯಾಕೆ ಉತ್ತರ ಕೊಡುತ್ತಿದ್ದಾನೆ ಎಂಬಂತೆ ನೋಡಿದರು. ಅವನು ಟೋಪಿಯನ್ನು ತಾನೇ ಕಿತ್ತು ಅವಳ ತಲೆ ಮೇಲಿಟ್ಟ. ಅವಳು ಅದನ್ನು ತೆಗೆದು ಪಕ್ಕಕ್ಕೆ, ಬೇರೆಯವರ ವಸ್ತುವನ್ನು ಇಡುವಷ್ಟು ಜೋಪಾನವಾಗಿ ಇಟ್ಟಳು. ಅವನು ನೀಲಿ ನೋಟು ತೆಗೆದ. ಅವಳ ಕೈ ಮುಂದೆ ಬರಲಿಲ್ಲ. ನೋಟು ಗಾಳಿಯಲ್ಲಿ ತೂಗುತ್ತಿತ್ತು.

"ಸಾಲ್ದಂತೆ ಕ್ಲೈಡ್! ಅಂಗಡೀನೇ ಬರ್ಕೊಡು!"

ಇನ್ನೊಂದು ನೋಟು ಸೇರಿಸಿದ. ಅವಳು ಬೊಂಬೆಯ ಕುಲಾವಿ ಸಡಿಲ ಮಾಡಿ, ಕುತ್ತಿಗೆಯ ಮಡಿಕೆಗೆ ಒಂದು ಬೆರಳು ಎಳೆದು, ಆ ಬೆರಳನ್ನು ತನ್ನ ಫ್ರಾಕಿಗೆ ಒರೆಸಿಕೊಂಡಳು.

ಗುಂಪಿನಲ್ಲಿ ಒಬ್ಬ ಹೆಂಗಸು, ತನಗೇ ಗೊತ್ತಿಲ್ಲದೆ, "ಪಾಪ" ಅಂದಳು.

ವಾದ್ಯದ ಟ್ರಕ್ಕು ಮುಂದಿನ ಬೀದಿಗೆ ತಿರುಗಿಹೋಗಿತ್ತು. ಬಿಸಿಲು, ಕರಿದ ಎಣ್ಣೆಯ ವಾಸನೆ, ಮೆಟ್ಟಿಲ ಮೇಲೆ ಸುಮ್ಮನೆ ಕೂತ ಹೆಂಗಸು. ಕ್ಲೈಡನಿಗೆ ಗೊತ್ತಿದ್ದ ಮಾತೆಲ್ಲ ಮುಗಿದಿತ್ತು. ಜೊತೆಯವಳು ಎಸೆಯುವ ಚೆಂಡಿಗೆ ಬ್ಯಾಟು ಬೀಸಿ ಗೊತ್ತಿತ್ತೇ ಹೊರತು ಚೆಂಡೇ ಬಾರದಿದ್ದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅವನ ಹಣೆ ಬೆವರಿತು. ಒಂದು ಮೆಟ್ಟಿಲಿಳಿದು ಬಗ್ಗಿ, ಅವಳೊಬ್ಬಳಿಗೇ ಎಂಬಂತೆ ಹೇಳಿದ:

"ಅಂಗಡಿ ಮುಂದೆ ಬರಬೇಡ, ಹಿಂದಿನ ಗೇಟಿಗೆ ಬಾ ಅಂತ ಹೇಳಿರ್ಲಿಲ್ವಾ."

ಅವನು ಪಿಸುಗುಟ್ಟಿದೆನೆಂದೇ ತಿಳಿದಿದ್ದ. ಆದರೆ ವರ್ಷವರ್ಷವೂ ಇದೇ ಮೆಟ್ಟಿಲ ಮೇಲೆ ನಿಂತು ಹಿಂದಿನ ಸಾಲಿಗೂ ಕೇಳುವಂತೆ ಕೂಗಿದ ಗಂಟಲು ಅದು. ಪಿಸುಮಾತೂ ಬೀದಿಯ ಆಚೆ ಬದಿಗೆ ಕೇಳಿಸಿತು.

ಬೇಬಿ ಡಾಲ್ ಆಟದಲ್ಲಿ ಆ ಮಾತಿಲ್ಲ. ಅದು ಯಾರ ಮಾತೆಂದು ಎಲ್ಲರಿಗೂ ಗೊತ್ತಿತ್ತು. ಅದನ್ನೇ ರಮ್ ಅಂಗಡಿಯ ಹುಡುಗರು ಹಾಡು ಮಾಡಿಕೊಂಡಿದ್ದರು. ಆ ಹುಡುಗರೂ ಅಲ್ಲೇ ನಿಂತಿದ್ದರು, ಕೈಯಲ್ಲಿ ಬಾಟಲಿ, ಬಾಯಿ ಅರ್ಧ ತೆರೆದು. ಕ್ಲೈಡ್ ನೆಟ್ಟಗಾಗಿ ಹಹ್ಹಾ ಎಂದ. ಒಬ್ಬರೂ ಸೇರಲಿಲ್ಲ. ಮತ್ತೊಮ್ಮೆ ಹಹ್ಹಾ ಎಂದ.

ಬೆತ್ತದ ಕುರ್ಚಿ ಕಿರುಗುಟ್ಟಿತು.

"ಕ್ಲೈಡ್," ಮಾ ಪ್ರೆಸ್ಕಾಡ್ ಕೇಳಿದಳು, "ಯಾವ ಗೇಟು?"

"ಆಟ ಅಮ್ಮಾ. ಕಾರ್ನಿವಲ್ ಆಟ."

"ಆಟದಲ್ಲಿ ಯಾವ ಗೇಟೂ ಇಲ್ಲ. ವರ್ಷಾ ವರ್ಷಾ ಇಲ್ಲೇ ಕೂತು ನೋಡಿದೀನಿ. ಯಾರಿಗೆ ಹೇಳ್ದೆ ಆ ಮಾತು?"

ಕ್ಲೈಡ್ ಕೈಯಲ್ಲಿದ್ದ ನೋಟುಗಳನ್ನು ಮಡಚುತ್ತಲೇ ಇದ್ದ, ಅವು ಉಗುರಿನಷ್ಟಾಗುವ ತನಕ. ಆ ಗಳಿಗೆಯಲ್ಲಿ ಯೂಲಾ ತಲೆಯೆತ್ತಿ ನೋಡಿದಳು. ಅವನ ಮುಖ ಕಪ್ಪಿಟ್ಟಿತ್ತು. ಬಿಟ್ಟುಬಿಡು ಎಂದು ಅವ್ವ ಹೇಳಿಕೊಟ್ಟಿದ್ದ ಮುಖ ಇದೇ. ಅವಳಿಗೆ ಅವನ ಮೇಲೂ ಮರುಕ ಬಂತು, ಎಷ್ಟಾದರೂ ಜೊತೆಗಾರ. ಆದರೂ ಏಳಲಿಲ್ಲ.

ಮುದುಕಿ ಕುರ್ಚಿಯ ತೋಳು ಹಿಡಿದು ಎದ್ದು ನಿಂತಳು. "ನಾನೂ ಒಬ್ಬ ದೊಡ್ಡ ಮನುಷ್ಯನ ಹಿಂದಿನ ಗೇಟಲ್ಲಿ ನಿಂತಿದ್ದೆ ಕಣೋ. ಮಳೇಲಿ. ನಿನ್ನ ಎತ್ಕೊಂಡು." ಅಷ್ಟು ಹೇಳಿ ಬೀದಿಯ ಕಡೆ ತಿರುಗಿದಳು. "ನೀವೇನ್ ನೋಡ್ತೀರಿ? ನಿಮಗೆ ಇದು ಗೊತ್ತಿರ್ಲಿಲ್ವಾ? ಬಾಯಿ ಮುಚ್ಕೊಂಡು ಮನೆಗೆ ಹೋಗಿ!"

ಜನ ಚದುರಿದರು. ಯಾರ ಮುಖವನ್ನು ಯಾರೂ ನೋಡಿಕೊಳ್ಳಲಿಲ್ಲ.

ಆಮೇಲೆ ಯೂಲಾಳಿಗೆ ಸಿಕ್ಕಿದ್ದೇನು? ಬೈಗುಳ. ತಮ್ಮ ನಗುವನ್ನು ಕಸಿದುಕೊಂಡವರನ್ನು ಜನ ಸುಲಭಕ್ಕೆ ಕ್ಷಮಿಸುವುದಿಲ್ಲ. ಒಂದು ಹುಡುಗಿಯ ಮಾತನ್ನು ನಕ್ಕು ನಕ್ಕು ಕೊಂದವರಿಗೆ ಅದು ಇನ್ನೂ ಕಷ್ಟ. ಹಬ್ಬ ಕೆಡಿಸಿದಳು ಎಂದರು. ಸಮಿತಿಯ ಒಬ್ಬ ಮಹಾಶಯ ಆರೋಗ್ಯ ಕೇಂದ್ರಕ್ಕೇ ಬಂದು, ಒರೆಸಿದ ನೆಲದ ಮೇಲೆ ಕಾಲಿಟ್ಟು, "ಮಾತಾಡದ ಬೇಬಿ ಡಾಲ್ ಸಂಪ್ರದಾಯದಲ್ಲಿ ಇಲ್ಲವಲ್ಲ ಟಾಂಟಿ" ಎಂದ.

"ಕೂತು ಕಾಯೋ ಹೆಂಗಸರೂ ಸಂಪ್ರದಾಯದಲ್ಲಿ ಇಲ್ವೇನಪ್ಪಾ?" ಎಂದಳು ಯೂಲಾ. "ಕಾಲೆತ್ತು, ಅಲ್ಲಿ ಇನ್ನೊಂದ್ ಸಲ ಒರೆಸ್ಬೇಕು."

ಅದೇ ವಾರದ ಬೂದಿ ಬುಧವಾರ, ಹಣೆಯ ಮೇಲೆ ಬೂದಿಯ ಶಿಲುಬೆ ಹಾಕಿಸಿಕೊಂಡು ಮಾ ಪ್ರೆಸ್ಕಾಡ್ ನೆಟ್ಟಗೆ ಶರ್ನೆಲ್‌ಳ ಮನೆಗೆ ಹೋದಳು. ಮುಂಬಾಗಿಲಿನಿಂದ ಹೋದಳು, ಗಲ್ಲಿಯವರೆಲ್ಲ ನೋಡುವಂತೆ. ಒಳಗೆ ಏನು ಮಾತಾಯಿತೆಂದು ಯಾರಿಗೂ ಗೊತ್ತಿಲ್ಲ. ಬಹಳ ಹೊತ್ತು ಮುದುಕಿ ಕೂಸಿನ ಪಾದ ಹಿಡಿದುಕೊಂಡು ಕೂತಿದ್ದಳು ಎಂದಷ್ಟೇ ಶರ್ನೆಲ್ ಆಮೇಲೆ ಯೂಲಾಳಿಗೆ ಹೇಳಿದಳು.

ಈಸ್ಟರ್ ಕಳೆದು ಬಂದ ಭಾನುವಾರ, ಮಗುವಿನ ಕಡೆಯವರು ನಿಲ್ಲಿ ಎಂದು ಪಾದ್ರಿ ಕೇಳಿದಾಗ ನೇರಳೆ ಟೋಪಿಯ ಮುದುಕಿ ಎದ್ದು ನಿಂತಳು. "ನಾನು ಅಜ್ಜಿ. ಇದು ನಮ್ಮ ಮಗು." ಕೊನೆಯ ಸಾಲಿನಲ್ಲಿದ್ದ ಯೂಲಾ ಯಾರಾದರೂ ನಗುತ್ತಾರೋ ಎಂದು ಕಿವಿಗೊಟ್ಟಳು. ಯಾರೂ ನಗಲಿಲ್ಲ. ಕ್ಲೈಡ್ ಒಳಗೆ ಬರಲಿಲ್ಲ. ಅಂಗಡಿಯ ವ್ಯಾನನ್ನು ಚರ್ಚಿನ ಎದುರುಗಡೆ ನಿಲ್ಲಿಸಿ, ಎಂಜಿನ್ ಆರಿಸದೆ, ಸ್ಟೀರಿಂಗ್ ಹಿಡಿದು ಕೂತಿದ್ದ. ಒಳಗೂ ಬರಲಿಲ್ಲ, ಹೊರಟೂ ಹೋಗಲಿಲ್ಲ. ಪ್ರಾರ್ಥನೆಯ ನಡುವೆ ಹಾಡು ನಿಂತಾಗಲೆಲ್ಲ ಆ ಎಂಜಿನ್ನಿನ ಸದ್ದು ಕೇಳುತ್ತಿತ್ತು.

ಮರುವರ್ಷ ಯೂಲಾ ವೇಷ ಕಟ್ಟುವುದೋ ಬೇಡವೋ ಎಂದು ಬಹಳ ಯೋಚಿಸಿದಳು. "ನಿಂಗೆ ಯಾರು ನಿಲ್ತಾರೆ ಈಗ?" ಎಂದ ಆಸ್ವಿನ್. ನಿಜ, ಅವಳು ಬೀದಿಗಿಳಿದಾಗ ಕೆಲವು ಗಂಡಸರು ರಸ್ತೆ ದಾಟಿ ಆಚೆ ಬದಿಗೆ ಹೋದರು. ಬೊಂಬೆಯ ಹೊಲಿಗೆ ಸಡಿಲಾಗಿ ದಾರಿಯುದ್ದಕ್ಕೂ ಸಣ್ಣಗೆ ಮರಳು ಉದುರುತ್ತಿತ್ತು. ಮೂಲೆಯ ಅಂಗಡಿ ಅರ್ಧ ಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲೆ ಕ್ಲೈಡ್ ಇರಲಿಲ್ಲ. ಬೆತ್ತದ ಕುರ್ಚಿಯಲ್ಲಿ ಮಾ ಪ್ರೆಸ್ಕಾಡ್, ಅವಳ ಮೊಣಕಾಲು ಹಿಡಿದು ಹೊಸದಾಗಿ ನಿಲ್ಲಲು ಕಲಿತ ಕಿಯಾ, ಹಿಂದೆ ಗೋಡೆಗೊರಗಿ ಶರ್ನೆಲ್. ಒಳಗೆ ಕತ್ತಲಲ್ಲಿ ಯಾರೋ ಬಣ್ಣದ ಡಬ್ಬಗಳನ್ನು ಎತ್ತಿಡುವ ಸದ್ದು.

ಯೂಲಾ ದೂರದಲ್ಲೇ ನಿಂತಳು. ಅಷ್ಟರಲ್ಲಿ ಮುದುಕಿಯೇ ಕೂಗಿದಳು:

"ಏಯ್ ಬೇಬಿ ಡಾಲ್! ಇಲ್ಲಿ ಒಂದು ಆಗ್ಲೇ ಇದೆ, ರಾತ್ರಿಯೆಲ್ಲಾ ನಿದ್ದೆ ಕೊಡಲ್ಲ. ಇನ್ನೊಂದಕ್ಕೆ ಜಾಗ ಇಲ್ಲ, ಮುಂದೆ ಹೋಗು!"

ಶರ್ನೆಲ್ ಫಕ್ಕನೆ ನಕ್ಕಳು. ಆ ಹುಡುಗಿ ನಕ್ಕಿದ್ದನ್ನು ಯೂಲಾ ನೋಡಿದ್ದು ಅದೇ ಮೊದಲು. ಯೂಲಾಳ ಗಂಟಲಲ್ಲಿ ಹಳೆಯ ರಾಗ ತಾನಾಗಿ ಹತ್ತಿಕೊಂಡಿತು. ಸೋರುವ ಕೂಸನ್ನು ಸೊಂಟಕ್ಕೇರಿಸಿ ಗುಂಪಿನ ಕಡೆ ತಿರುಗಿದಳು.

"ಹಂಗಾದ್ರೆ ಇದರಪ್ಪ ಯಾರ್ರೋ?"

ಗಂಡಸರು ನಕ್ಕರು. ಆದರೆ ನಗುವ ಮುಂಚೆ ಒಂದು ಗಳಿಗೆ, ಪ್ರತಿಯೊಬ್ಬನೂ ಪಕ್ಕದವನ ಮುಖ ನೋಡಿದ.